ಪಾದಚಾರಿಗೆ ದಾರಿ ಎಲ್ಲಿ?

ರಸ್ತೆ ದಾಟುವುದೂ ಒಂದು ವಿಜ್ಞಾನದ ವಿಷಯವೆ ಎಂದು ವಾಚಕರು ಕೇಳಬಹುದು. ನಕ್ಷತ್ರಗಳ ಹುಟ್ಟು, ಜೀವಕೋಶದ ರಚನೆ ಮೊದಲಾದ ಘನ ವಿಚಾರಗಳನ್ನು ಬಿಟ್ಟು ಇಂಥ ನಿತ್ಯದ ಸಂಗತಿಗೆ ಈ ಪುಟಗಳನ್ನು ಏಕೆ ವ್ಯಯಿಸಬೇಕೆಂದು ಕೆಲವರಿಗೆ ತೋರಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯವೇ ಪ್ರಕಟಿಸಿರುವ ಲೆಕ್ಕದಂತೆ ೨೦೨೩ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ ೧,೭೨,೮೯೦ ಜನರು ಮೃತಪಟ್ಟರು. ಅವರ ಪೈಕಿ ೩೫,೨೨೧ ಮಂದಿ ಯಾವ ವಾಹನದಲ್ಲಿಯೂ ಇರಲಿಲ್ಲ, ಕಾಲ್ನಡೆಯಲ್ಲಿ ಹೋಗುತ್ತಿದ್ದರು. ಭಾಗಿಸಿ ನೋಡಿದರೆ ಗಂಟೆಗೆ ನಾಲ್ವರಾಗುತ್ತದೆ. ಯಾವುದಾದರೊಂದು ಜ್ವರವು ಈ ಪ್ರಮಾಣದಲ್ಲಿ ಜನರನ್ನು ಒಯ್ಯುತ್ತಿದ್ದರೆ ಅದರ ರೋಗಾಣುವನ್ನು ಹುಡುಕುತ್ತಿದ್ದೆವು, ಹರಡುವ ಬಗೆಯನ್ನು ತಿಳಿಯುತ್ತಿದ್ದೆವು, ತಡೆಯುವ ಉಪಾಯವನ್ನು ಮಾಡುತ್ತಿದ್ದೆವು. ರಸ್ತೆಯ ಸಾವಿಗೆ ಮಾತ್ರ ‘ಗ್ರಹಚಾರ’ ಎಂದು ಸುಮ್ಮನಾಗುತ್ತೇವೆ. ಇಲ್ಲವೆ ‘ನೋಡಿಕೊಂಡು ದಾಟಬಾರದಿತ್ತೆ?’ ಎಂದು ಸತ್ತವನನ್ನೇ ಕೇಳುತ್ತೇವೆ. ಈ ಎರಡು ಮಾತುಗಳೂ ವಿಚಾರಕ್ಕೆ ನಿಲ್ಲತಕ್ಕವಲ್ಲವೆಂಬುದು ನಮ್ಮ ಅಭಿಪ್ರಾಯ.

ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಪರೀಕ್ಷೆಯಲ್ಲಿ ಸೂತ್ರವನ್ನು ಬರೆದು ಅಂಕ ಗಳಿಸುವುದೂ ಉಂಟು. ಆ ಸೂತ್ರವು ಶಾಲೆಯ ಬಾಗಿಲಿನ ಮುಂದಿನ ರಸ್ತೆಯಲ್ಲಿ ಏನು ಮಾಡುತ್ತದೆಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ಅಪಾಯವು ಚಾಲಕನ ಕಣ್ಣಿಗೆ ಬಿದ್ದು, ಮಿದುಳು ಅದನ್ನು ಗ್ರಹಿಸಿ, ಕಾಲು ಬ್ರೇಕನ್ನು ಒತ್ತುವವರೆಗೆ ಸ್ವಲ್ಪ ಕಾಲ ಕಳೆಯುತ್ತದೆ. ಎಚ್ಚರದಿಂದಿರುವ ಚಾಲಕನಿಗೆ ಅದು ಒಂದೂವರೆ ಸೆಕೆಂಡು ಎಂದಿಟ್ಟುಕೊಳ್ಳೋಣ. ರಸ್ತೆಗಳ ವಿನ್ಯಾಸ ಮಾಡುವ ಎಂಜಿನಿಯರರು ಇನ್ನೂ ಧಾರಾಳವಾಗಿ ಎರಡೂವರೆ ಸೆಕೆಂಡು ಹಿಡಿಯುವುದುಂಟು. ಬ್ರೇಕು ಹಿಡಿದ ಮೇಲೆ ಒಣಗಿದ ರಸ್ತೆಯಲ್ಲಿ ವಾಹನದ ವೇಗವು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ೬ ಮೀಟರಿನಷ್ಟು ಕುಗ್ಗುತ್ತದೆಂದು ಭಾವಿಸೋಣ.

ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಬ್ರೇಕು ಒತ್ತುವ ಮುನ್ನವೇ ಹನ್ನೆರಡೂವರೆ ಮೀಟರು ಮುಂದೆ ಬಂದಿರುತ್ತದೆ. ಬ್ರೇಕು ಹಿಡಿದ ಮೇಲೆ ೬ ಮೀಟರಿಗೂ ಕಡಿಮೆ ದೂರದಲ್ಲಿ ನಿಲ್ಲುತ್ತದೆ. ಎರಡೂ ಸೇರಿ ೧೮ ಮೀಟರಿಗೆ ತುಸು ಹೆಚ್ಚು. ಈಗ ಅದೇ ಜಾಗದಲ್ಲಿ, ಅದೇ ದೂರದಲ್ಲಿ ಹುಡುಗನೊಬ್ಬನು ರಸ್ತೆಗೆ ಕಾಲಿಡುತ್ತಾನೆ, ಬರುವ ಕಾರಿನ ವೇಗ ಮಾತ್ರ ೫೦ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಒಂದೂವರೆ ಸೆಕೆಂಡಿನಲ್ಲಿ ಈ ಕಾರು ಸುಮಾರು ೨೧ ಮೀಟರು ಹೋಗಿಬಿಡುತ್ತದೆ. ಎಂದರೆ, ಮೊದಲನೆಯ ಕಾರು ಎಲ್ಲಿ ಪೂರ್ತಿಯಾಗಿ ನಿಂತಿತೋ ಅಲ್ಲಿ ಎರಡನೆಯ ಕಾರಿನ ಚಾಲಕನು ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ. ಅದು ಹುಡುಗನನ್ನು ಹೊಡೆಯುವುದು ೪೦ರ ವೇಗದಲ್ಲಿಯೂ ಅಲ್ಲ, ೩೦ರ ವೇಗದಲ್ಲಿಯೂ ಅಲ್ಲ. ಕುಂದಿಲ್ಲದ ೫೦ರ ವೇಗದಲ್ಲಿ! ನಡುವಣ ೪೦ ಕಿಲೋಮೀಟರ್ ವೇಗದ ಕಾರೇನಾದರೂ ವಾಸಿಯೆ? ಅದೂ ಸುಮಾರು ೩೭ರ ವೇಗದಲ್ಲಿ ಬಂದು ಬಡಿಯುತ್ತದೆ. ‘ಹತ್ತು ಕಿಲೋಮೀಟರು ಹೆಚ್ಚಾದರೆ ಏನಾಯಿತು?’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಸ್ವತಃ ಕಾಗದದ ಮೇಲೆ ಮಾಡಿ ನೋಡಬೇಕು. ಮಳೆ ಬಿದ್ದ ರಸ್ತೆಯಲ್ಲಿ, ಸವೆದ ಟೈರುಗಳ ಮೇಲೆ, ಕೈಯಲ್ಲಿ ಮೊಬೈಲು ಹಿಡಿದ ಚಾಲಕನಿಗೆ ಈ ದೂರಗಳೆಲ್ಲವೂ ಇನ್ನಷ್ಟು ಬೆಳೆಯುತ್ತವೆಂದು ಬೇರೆ ಹೇಳಬೇಕಾಗಿಲ್ಲ.

ಏಟಿನ ಬಲವು ಮನಸ್ಸಿಗೆ ಹಿಡಿಯಬೇಕಾದರೆ ಅದನ್ನು ಬೀಳುವಿಕೆಗೆ ಹೋಲಿಸುವುದು ಸುಲಭ. ಯಾವ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಈ ವೇಗ ಬರುವುದೆಂದು ಕೇಳಿದರೆ, ೩೦ ಕಿಲೋಮೀಟರಿಗೆ ಮೂರೂವರೆ ಮೀಟರು, ೫೦ಕ್ಕೆ ಸುಮಾರು ೧೦ ಮೀಟರು, ೭೦ಕ್ಕೆ ೧೯ ಮೀಟರಿಗೂ ಹೆಚ್ಚು ಎಂಬ ಉತ್ತರ ಬರುತ್ತದೆ. ಮೊದಲನೆಯ ಮಹಡಿಯಿಂದ ಬಿದ್ದವರು ಕೈಕಾಲು ಮುರಿದುಕೊಂಡರೂ ಸಾಮಾನ್ಯವಾಗಿ ಬದುಕುವರು. ಆರನೆಯ ಮಹಡಿಯಿಂದ ಬಿದ್ದವರ ಮಾತು ಆಡಬೇಕಾದುದಿಲ್ಲ. ಮನುಷ್ಯನ ಮೂಳೆಗೂ ತಲೆಬುರುಡೆಗೂ ಒಂದು ಮಿತಿಯುಂಟು. ಸರ್ಕಾರದ ಆಜ್ಞೆಯಿಂದ ಅದನ್ನು ಹೆಚ್ಚಿಸಲಾಗುವುದಿಲ್ಲ. ಆಜ್ಞೆಯಿಂದ ತಗ್ಗಿಸಬಹುದಾದುದು ವಾಹನದ ವೇಗವೊಂದೇ. ಆದುದರಿಂದಲೇ ೨೦೨೦ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಲೋಕದ ಸಾರಿಗೆ ಮಂತ್ರಿಗಳ ಸಮ್ಮೇಳನವು, ಜನರೂ ವಾಹನಗಳೂ ಬೆರೆತು ಸಂಚರಿಸುವ ಸ್ಥಳಗಳಲ್ಲಿ ವೇಗವು ೩೦ ಕಿಲೋಮೀಟರನ್ನು ಮೀರಕೂಡದೆಂದು ಘೋಷಿಸಿತು. ಆ ಸಂಖ್ಯೆಯನ್ನು ಯಾರೋ ಮನಸ್ಸಿಗೆ ಬಂದಂತೆ ಆರಿಸಿದುದಲ್ಲ. ಅದು ದೇಹಶಾಸ್ತ್ರ ಕೊಟ್ಟ ಸಂಖ್ಯೆ.

ಇಷ್ಟಾದರೂ ದಾಟುವವನ ಕಡೆಯಿಂದ ಒಂದು ಪ್ರಶ್ನೆ ಉಳಿಯುತ್ತದೆ. ಅವನು ನೋಡಿಕೊಂಡು ದಾಟಬಹುದಲ್ಲ? ನೋಡುವುದೆಂದರೆ ಏನೆಂದು ವಿಚಾರಿಸೋಣ. ಎರಡು ಸಾಲು ವಾಹನಗಳ ೭ ಮೀಟರ್ ಅಗಲದ ರಸ್ತೆಯನ್ನು ಸಾಧಾರಣ ನಡಿಗೆಯಲ್ಲಿ ದಾಟಲು ಸುಮಾರು ೬ ಸೆಕೆಂಡು ಹಿಡಿಯುತ್ತದೆ. ಆ ೬ ಸೆಕೆಂಡುಗಳಲ್ಲಿ ೫೦ರ ವೇಗದ ಕಾರು ೮೩ ಮೀಟರು ಬರುತ್ತದೆ, ೭೦ರ ವೇಗದ್ದು ೧೧೭ ಮೀಟರು. ಅಷ್ಟು ದೂರದಲ್ಲಿರುವ ಕಾರು ಕಣ್ಣಿಗೆ ಒಂದು ಚಿಕ್ಕ ಚುಕ್ಕೆಯಂತೆ ಕಾಣುವುದು. ಅದು ನೇರವಾಗಿ ನಮ್ಮ ಕಡೆಗೇ ಬರುತ್ತಿರುವುದರಿಂದ ಪಕ್ಕಕ್ಕೆ ಸರಿದಂತೆ ತೋರುವುದಿಲ್ಲ. ಅದರ ವೇಗವನ್ನು ತಿಳಿಯಲು ಕಣ್ಣಿಗಿರುವ ಆಧಾರವೆಂದರೆ ಆ ಚುಕ್ಕೆಯು ಎಷ್ಟು ಬೇಗ ಹಿಗ್ಗುತ್ತದೆಂಬುದು ಮಾತ್ರ, ಮತ್ತು ಮೊದಮೊದಲು ಅದು ಬಹಳ ಮೆಲ್ಲಗೆ ಹಿಗ್ಗುತ್ತದೆ. ಈ ಹಿಗ್ಗುವಿಕೆಯನ್ನು ಗುರುತಿಸುವ ಶಕ್ತಿಯು ಮಕ್ಕಳಲ್ಲಿ ಪೂರ್ಣವಾಗಿ ಬೆಳೆದಿರುವುದಿಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಮನಶ್ಶಾಸ್ತ್ರಜ್ಞರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಪರೀಕ್ಷಿಸಿ, ಗಂಟೆಗೆ ೨೦ ಮೈಲಿಗಿಂತ, ಎಂದರೆ ಸುಮಾರು ೩೨ ಕಿಲೋಮೀಟರಿಗಿಂತ, ಹೆಚ್ಚು ವೇಗದಲ್ಲಿ ಬರುವ ವಾಹನವು ಸಮೀಪಿಸುತ್ತಿದೆಯೆಂಬುದನ್ನೇ ಆ ಮಕ್ಕಳು ನಂಬಿಕೆಗೆ ತಕ್ಕಂತೆ ಗುರುತಿಸಲಾರರೆಂದು ಕಂಡರು. ಇಂಥ ಮಗುವಿಗೆ ‘ಎರಡೂ ಕಡೆ ನೋಡಿ ದಾಟು’ ಎಂದು ಬೋಧಿಸಿದರೆ ಅದು ವಿಧೇಯತೆಯಿಂದ ಎರಡೂ ಕಡೆ ನೋಡುತ್ತದೆ, ಕಾರನ್ನೂ ನೋಡುತ್ತದೆ, ದಾಟಿಯೂ ಬಿಡುತ್ತದೆ.

ಈ ವಿಷಯದಲ್ಲಿ ಬೇರೆ ದೇಶಗಳು ಪಟ್ಟ ಪಾಡು ನಮಗೆ ಪಾಠವಾಗತಕ್ಕದ್ದು. ೧೮೯೬ರ ಆಗಸ್ಟಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿಯು ಪೆಟ್ರೋಲ್ ಕಾರಿಗೆ ಸಿಕ್ಕಿ ಮೃತಳಾದಳು. ಬ್ರಿಟನ್ನಿನಲ್ಲಿ ಹಾಗೆ ಸತ್ತ ಪಾದಚಾರಿಗಳಲ್ಲಿ ಆಕೆಯೇ ಮೊದಲಿಗಳು. ಇಂಥದು ಮತ್ತೆಂದೂ ನಡೆಯದಿರಲೆಂದು ಮರಣ ವಿಚಾರಣಾಧಿಕಾರಿಯು ಹಾರೈಸಿದನಂತೆ. ೧೯೩೦ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾರುಗಳಿಗಿದ್ದ ಗಂಟೆಗೆ ೨೦ ಮೈಲಿಯ ಮಿತಿಯನ್ನು, ಯಾರೂ ಅದನ್ನು ಪಾಲಿಸುವುದಿಲ್ಲವೆಂಬ ಕಾರಣಕ್ಕಾಗಿ, ತೆಗೆದುಹಾಕಿತು. ಪಾಲಿಸದ ಕಾನೂನನ್ನು ಪಾಲಿಸುವಂತೆ ಮಾಡುವ ಬದಲು ಕಾನೂನನ್ನೇ ಕಿತ್ತೊಗೆಯುವ ಈ ತರ್ಕವು ನಮಗೂ ಪರಿಚಿತವಾದುದೇ. ೧೯೩೪ರಲ್ಲಿ ಅಲ್ಲಿನ ರಸ್ತೆಗಳಲ್ಲಿ ೭,೩೪೩ ಜನರು ಸತ್ತರು; ಅವರಲ್ಲಿ ಸುಮಾರು ಅರ್ಧದಷ್ಟು ಜನರು ಪಾದಚಾರಿಗಳು.

ಆ ವರ್ಷ ಸಾರಿಗೆ ಮಂತ್ರಿಯಾಗಿ ಬಂದವರು ಲೆಸ್ಲಿ ಹೋರ್-ಬೆಲೀಷ. ಅಧಿಕಾರಕ್ಕೆ ಬಂದ ಹೊಸದರಲ್ಲಿ ಅವರು ಕ್ಯಾಮ್ಡನ್ ಹೈ ಸ್ಟ್ರೀಟ್ ಎಂಬ ಬೀದಿಯನ್ನು ದಾಟುತ್ತಿದ್ದಾಗ ವೇಗವಾಗಿ ಬಂದ ಕಾರೊಂದು ಅವರನ್ನೇ ಕೆಡವಲಿದ್ದಿತು. ಮಂತ್ರಿಗಳು ಕಾಲ್ನಡೆಯಲ್ಲಿ ರಸ್ತೆ ದಾಟಿದರೆ ದೇಶಕ್ಕೆ ಎಷ್ಟು ಲಾಭವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ದಾಟುವ ಸ್ಥಳಗಳಲ್ಲಿ ಕಪ್ಪುಬಿಳಿಯ ಕಂಬಗಳ ಮೇಲೆ ಕಿತ್ತಳೆ ಬಣ್ಣದ ಗೋಳಗಳನ್ನು ಅವರು ನಿಲ್ಲಿಸಿದರು. ಅವು ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುತ್ತವೆ. ೧೯೩೫ರಲ್ಲಿ ಊರುಗಳ ಒಳಗೆ ಗಂಟೆಗೆ ೩೦ ಮೈಲಿಯ ಮಿತಿಯು ಜಾರಿಗೆ ಬಂದಿತು. ಆ ವರ್ಷ ಸತ್ತವರ ಸಂಖ್ಯೆ ೬,೫೦೨ಕ್ಕೆ ಇಳಿಯಿತು.

ಗೋಳವನ್ನು ನಿಲ್ಲಿಸಿದರೂ ಕೆಳಗಿನ ರಸ್ತೆಯಲ್ಲಿ ದಾಟುದಾರಿಯ ಗುರುತೆಂದರೆ ಲೋಹದ ಬಿಲ್ಲೆಗಳ ಎರಡು ಸಾಲು ಮಾತ್ರವಿದ್ದಿತು. ದಾಟುವವನ ಕಣ್ಣಿಗೆ ಅದು ಚೆನ್ನಾಗಿ ಕಾಣುತ್ತಿದ್ದಿತು. ಯಾರು ಕಾಣಬೇಕೋ ಆ ಚಾಲಕನಿಗೆ ಕಾಣುತ್ತಿರಲಿಲ್ಲ. ಏಕೆಂಬುದನ್ನು ಸಮರೂಪ ತ್ರಿಭುಜಗಳನ್ನು ಬಲ್ಲ ಯಾವ ವಿದ್ಯಾರ್ಥಿಯಾದರೂ ಹೇಳಬಹುದು. ಚಾಲಕನ ಕಣ್ಣು ನೆಲದಿಂದ ಸುಮಾರು ೧.೨ ಮೀಟರು ಎತ್ತರದಲ್ಲಿರುತ್ತದೆ. ೫೦ ಮೀಟರು ದೂರದಿಂದ ನೋಡುವಾಗ ರಸ್ತೆಗೆ ಅಡ್ಡಲಾಗಿ ಬಳಿದ ೩೦ ಸೆಂಟಿಮೀಟರ್ ಅಗಲದ ಗೆರೆಯು, ಅಷ್ಟೇ ದೂರದಲ್ಲಿ ನೆಟ್ಟಗೆ ನಿಲ್ಲಿಸಿದ ೭ ಮಿಲಿಮೀಟರ್ ಪಟ್ಟಿಯಷ್ಟೇ ದಪ್ಪವಾಗಿ ಕಾಣುತ್ತದೆ. ಅದರ ಬದಲು ವಾಹನ ಬರುವ ದಿಕ್ಕಿನಲ್ಲಿಯೇ ೩ ಮೀಟರು ಉದ್ದ, ಅರ್ಧ ಮೀಟರು ಅಗಲದ ಬಿಳಿಯ ಪಟ್ಟೆಗಳನ್ನು ಒಂದನ್ನು ಬಿಟ್ಟು ಒಂದರಂತೆ ಬಳಿದರೆ, ಒಂದೊಂದು ಪಟ್ಟೆಯೂ ೭ ಸೆಂಟಿಮೀಟರು ಎತ್ತರ, ೫೦ ಸೆಂಟಿಮೀಟರು ಅಗಲದ ಹಲಗೆಯಂತೆ ತೋರುತ್ತದೆ. ಕಪ್ಪು ನೆಲದ ಮೇಲೆ ಬಿಳಿಯ ಹಲಗೆಗಳ ಸಾಲು ಕಣ್ಣಿಗೆ ಹೊಡೆಯುತ್ತದೆ. ಬ್ರಿಟನ್ನಿನಲ್ಲಿ ೧೯೪೯ರಿಂದ ಇಂಥ ಗುರುತುಗಳನ್ನು ಪ್ರಯೋಗಾರ್ಥವಾಗಿ ಬಳಿದು ನೋಡಿ, ೧೯೫೧ರಲ್ಲಿ ಕಾನೂನಿನ ಮೂಲಕ ಜಾರಿಗೆ ತಂದರು. ಜೀಬ್ರಾ ಪಟ್ಟೆಗಳೆಂದು ಲೋಕವೆಲ್ಲ ಬಲ್ಲುದು ಇವೇ. ಇದರಿಂದ ತಿಳಿಯಬೇಕಾದುದೆಂದರೆ, ಜೀಬ್ರಾ ಪಟ್ಟೆಯು ಅಲಂಕಾರಕ್ಕಾಗಿ ಬಳಿದುದಲ್ಲ, ಪಾದಚಾರಿಗೆ ದಾರಿ ತೋರಿಸಲು ಬಳಿದುದೂ ಅಲ್ಲ. ಚಾಲಕನಿಗೆ ದೂರದಿಂದಲೇ ಕೊಟ್ಟ ಸೂಚನೆ ಅದು. ಬಣ್ಣವು ಮಾಸಿ, ಧೂಳು ಮೆತ್ತಿ, ಟೈರುಗಳಿಗೆ ಸವೆದು ಹೋದ ಪಟ್ಟೆಯು ಇದ್ದೂ ಇಲ್ಲದಂತೆಯೇ. ಒಳ್ಳೆಯ ಬಣ್ಣದಲ್ಲಿ ಸಣ್ಣ ಗಾಜಿನ ಮಣಿಗಳನ್ನು ಬೆರೆಸಿರುತ್ತಾರೆ. ರಾತ್ರಿಯ ಹೊತ್ತು ಕಾರಿನ ದೀಪದ ಬೆಳಕನ್ನು ಅವು ಬಂದ ಕಡೆಗೇ ಹಿಂದಿರುಗಿಸುತ್ತವೆ. ಆ ಮಣಿಗಳು ಉದುರಿಹೋದ ಮೇಲೆ ಹಗಲಿನಲ್ಲಿ ಕಾಣುವ ಪಟ್ಟೆಯೂ ರಾತ್ರಿ ಮಾಯವಾಗುತ್ತದೆ.

ಅಮೆರಿಕದಲ್ಲಿ ಈ ಕಥೆಯು ಬೇರೆ ದಾರಿ ಹಿಡಿಯಿತು. ೧೯೨೩ರಲ್ಲಿ ಸಿನ್ಸಿನಾಟಿ ನಗರದ ೪೨,೦೦೦ ಜನರು ಸಹಿ ಮಾಡಿ, ನಗರದ ಪ್ರತಿಯೊಂದು ಕಾರಿಗೂ ಗಂಟೆಗೆ ೨೫ ಮೈಲಿಯ ಆಚೆ ಓಡದಂತೆ ತಡೆಯುವ ಯಂತ್ರವನ್ನು ಜೋಡಿಸಬೇಕೆಂದು ಕೋರಿದರು. ಕಾರು ಮಾರುವವರು ಗಾಬರಿಗೊಂಡು ಭಾರಿ ಪ್ರಚಾರ ನಡೆಸಿ ಮತದಾನದಲ್ಲಿ ಅದನ್ನು ಸೋಲಿಸಿದರು. ಆ ವರ್ಷಗಳಲ್ಲಿಯೇ ಮೋಟಾರು ಸಂಘಗಳು ‘ಜೇವಾಕರ್’ ಎಂಬ ಮಾತನ್ನು ಎಲ್ಲೆಡೆ ಹರಡಿದವು. ‘ಜೇ’ ಎಂದರೆ ಪಟ್ಟಣದ ರೀತಿನೀತಿ ತಿಳಿಯದ ಹಳ್ಳಿ ಗಮಾರ. ಅಲ್ಲಿಯವರೆಗೆ ಎಲ್ಲರ ಸೊತ್ತಾಗಿದ್ದ ಬೀದಿಯು ಕೆಲವೇ ವರ್ಷಗಳಲ್ಲಿ ಕಾರಿನ ಸೊತ್ತಾಯಿತು. ಅದರ ಮೇಲೆ ನಡೆಯುವವನು ಗಮಾರನಾದನು. ಒಂದು ಬೈಗುಳದ ಮಾತಿನಿಂದ ಇಷ್ಟು ಕೆಲಸ ನಡೆದುದು ವಿಚಿತ್ರವಾದರೂ ನಿಜ. ನಮ್ಮಲ್ಲಿಯೂ ‘ನಮ್ಮ ಜನಕ್ಕೆ ಶಿಸ್ತಿಲ್ಲ’ ಎಂಬ ಮಾತು ಇದೇ ಕೆಲಸವನ್ನು ಮಾಡುತ್ತಿದೆಯೆಂದು ನಮಗೆ ತೋರುತ್ತದೆ.

ಇನ್ನು ನಮ್ಮ ಸರ್ಕಾರಗಳ ನೀತಿಯನ್ನು ನೋಡೋಣ. ಕಾಗದದ ಮೇಲೆ ಅದು ಕೆಟ್ಟದ್ದೇನಲ್ಲ. ೧೯೩೪ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು ಪಾದಚಾರಿಗಳ ಸೌಕರ್ಯಕ್ಕಾಗಿಯೇ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿದೆ. ಫುಟ್‌ಪಾತು ಅಡೆತಡೆಯಿಲ್ಲದೆ ಕನಿಷ್ಠ ೧.೮ ಮೀಟರು ಅಗಲವಿರಬೇಕು, ೧೫ ಸೆಂಟಿಮೀಟರಿಗಿಂತ ಎತ್ತರವಿರಬಾರದು ಎಂದು ಅದರಲ್ಲಿ ಹೇಳಿದೆ. ೨೦೧೭ರ ಮೋಟಾರು ವಾಹನ ಚಾಲನಾ ನಿಯಮಾವಳಿಯಂತೆ ದಾಟುದಾರಿಯನ್ನು ಸಮೀಪಿಸುವ ಚಾಲಕನು ವೇಗವನ್ನು ತಗ್ಗಿಸಿ, ಅಗತ್ಯವಿದ್ದರೆ ನಿಂತು, ದಾಟುವವರಿಗೆ ದಾರಿ ಬಿಡತಕ್ಕದ್ದು. ಆದರೆ ೨೦೧೮ರ ಏಪ್ರಿಲ್‌ನಲ್ಲಿ ಅದೇ ಕೇಂದ್ರ ಸರ್ಕಾರವು ಹೊರಡಿಸಿದ ಪ್ರಕಟಣೆಯು ನಗರಸಭೆಗಳ ಎಲ್ಲೆಯೊಳಗಿನ ರಸ್ತೆಗಳಲ್ಲಿಯೂ ಕಾರುಗಳಿಗೆ ಗಂಟೆಗೆ ೭೦ ಕಿಲೋಮೀಟರು, ಮೋಟಾರ್ ಸೈಕಲ್ಲುಗಳಿಗೆ ೬೦ ಕಿಲೋಮೀಟರು ಎಂಬ ಗರಿಷ್ಠ ಮಿತಿಯನ್ನಿಟ್ಟಿತು. ರಾಜ್ಯಗಳೂ ಸ್ಥಳೀಯ ಅಧಿಕಾರಿಗಳೂ ಅದನ್ನು ತಗ್ಗಿಸಿಕೊಳ್ಳಬಹುದೆಂಬುದು ನಿಜ. ಆದರೂ ಹತ್ತೊಂಬತ್ತು ಮೀಟರು ಎತ್ತರದಿಂದ ಬೀಳುವುದಕ್ಕೆ ಸಮನಾದ ವೇಗವನ್ನು ಊರೊಳಗಿನ ಮಿತಿಯೆಂದು ಬರೆಯುವುದು, ಬೇಕಾದವರು ತಗ್ಗಿಸಿಕೊಳ್ಳಿರೆಂದು ಬಿಡುವುದು, ನೀತಿಯ ತಲೆಕೆಳಗಾದ ರೂಪವಲ್ಲವೆ? ಮೊದಲು ೩೦ ಎಂದು ಬರೆದು, ಎಲ್ಲಿ ಜನಸಂಚಾರವಿಲ್ಲವೋ ಅಲ್ಲಿ ಕಾರಣ ತೋರಿಸಿ ಹೆಚ್ಚಿಸಿಕೊಳ್ಳಿರೆನ್ನುವುದೇ ಸರಿಯಾದ ಕ್ರಮ.

ಬೆಂಗಳೂರಿನಲ್ಲಿ ದಾಟುವವರ ಕಷ್ಟಕ್ಕೆ ಹೆಚ್ಚಾಗಿ ಸೂಚಿಸುವ ಪರಿಹಾರವೆಂದರೆ ರಸ್ತೆಯ ಮೇಲಿನ ಕಬ್ಬಿಣದ ಮೇಲ್ಸೇತುವೆ. ಜನರು ಅದನ್ನು ಸ್ಕೈವಾಕ್ ಎಂದು ಕರೆಯುತ್ತಾರೆ. ಇವುಗಳಲ್ಲಿ ಅನೇಕವನ್ನು ಜಾಹೀರಾತಿನ ಹಕ್ಕಿಗೆ ಪ್ರತಿಯಾಗಿ ಖಾಸಗಿಯವರು ಕಟ್ಟಿದ್ದಾರೆ. ಹಾಗಿರುವಾಗ ಸೇತುವೆಯ ಜಾಗವು ದಾಟುವವರ ಅಗತ್ಯವನ್ನು ನೋಡಿ ಆರಿಸಿದುದೋ, ಜಾಹೀರಾತನ್ನು ಓದುವವರ ಅನುಕೂಲವನ್ನು ನೋಡಿ ಆರಿಸಿದುದೋ ಎಂಬ ಸಂಶಯ ನಮಗುಂಟು. ಕೆಳಗೆ ಬಸ್ಸು ಲಾರಿಗಳು ಹೋಗಬೇಕಾದುದರಿಂದ ಇಂಥ ಸೇತುವೆಯನ್ನು ಸುಮಾರು ೬ ಮೀಟರು ಎತ್ತರಕ್ಕೆ ಕಟ್ಟಬೇಕಾಗುತ್ತದೆ. ಮೆಟ್ಟಿಲೊಂದಕ್ಕೆ ೧೫ ಸೆಂಟಿಮೀಟರಿನಂತೆ ಹತ್ತುವುದಕ್ಕೆ ೪೦ ಮೆಟ್ಟಿಲು, ಇಳಿಯುವುದಕ್ಕೆ ೪೦. ನೆಲದ ಮೇಲೆ ಹದಿನೇಳು ಹದಿನೆಂಟು ಸೆಕೆಂಡುಗಳಲ್ಲಿ ಮುಗಿಯಬೇಕಾದ ಪ್ರಯಾಣಕ್ಕೆ ಇಷ್ಟು ಸುತ್ತು! ಲಿಫ್ಟು ಇದ್ದಲ್ಲಿಯೂ ಅದು ಸದಾ ನಡೆಯುತ್ತಿರಬೇಕು. ಮಂಡಿನೋವಿನ ಅಜ್ಜಿ, ಬಸುರಿ ಹೆಂಗಸು, ಗಾಲಿಕುರ್ಚಿಯವನು, ತಲೆಯ ಮೇಲೆ ಹೂವಿನ ಬುಟ್ಟಿ ಹೊತ್ತವಳು ಎಂಬತ್ತು ಮೆಟ್ಟಿಲು ಏರಿಳಿಯಲಿ, ಪೆಟ್ರೋಲಿನ ಬಲದಿಂದ ಓಡುವ ಗಾಡಿಯು ಮಾತ್ರ ಹತ್ತು ಸೆಕೆಂಡು ಸಹ ನಿಲ್ಲದೆ ಹೋಗಲಿ ಎನ್ನುವುದು ಎಂಥ ನ್ಯಾಯ? ದೇಶದ ಹೆದ್ದಾರಿಯು ಹಾದುಹೋಗುವ ಕಡೆ ಮೇಲ್ಸೇತುವೆಯೋ ಸುರಂಗವೋ ಬೇಕಾಗಬಹುದು. ಊರೊಳಗಿನ ಬೀದಿಗೆ ಅದು ಮದ್ದಲ್ಲ. ಜನರು ಅದನ್ನು ಬಿಟ್ಟು ಕೆಳಗೇ ದಾಟುವುದನ್ನು ಅಶಿಸ್ತು ಎನ್ನುವವರಿದ್ದಾರೆ. ನೀರು ಇಳಿಜಾರಿನತ್ತ ಹರಿಯುವುದನ್ನು ಯಾರೂ ಅಶಿಸ್ತು ಎನ್ನುವುದಿಲ್ಲ.

ನೆಲದ ಮೇಲೆಯೇ ಸುರಕ್ಷಿತವಾಗಿ ದಾಟಿಸುವ ಉಪಾಯಗಳು ಅಗ್ಗವಾದವು, ಹಳೆಯವು, ಪರೀಕ್ಷೆಗೆ ನಿಂತವು. ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಪಾದಚಾರಿಯು ಇಳಿಯದೆ ನೇರವಾಗಿ ನಡೆಯುತ್ತಾನೆ, ಏರಿಳಿಯುವ ತೊಂದರೆ ವಾಹನದ ಪಾಲಿಗೆ ಬರುತ್ತದೆ. ಅದು ತಾನಾಗಿ ವೇಗವನ್ನು ತಗ್ಗಿಸುತ್ತದೆ. ರಸ್ತೆಯ ಉಬ್ಬಿಗೂ ಒಂದು ಶಾಸ್ತ್ರವುಂಟು. ೩.೭ ಮೀಟರು ಉದ್ದಕ್ಕೆ, ನಡುವೆ ೧೦ ಸೆಂಟಿಮೀಟರು ಎತ್ತರಕ್ಕೆ ಮೆಲ್ಲಗೆ ಏರಿ ಇಳಿಯುವ ಉಬ್ಬು ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿ ರೂಪುಗೊಂಡು ನಮ್ಮ ದೇಶದ ಮಾನಕಕ್ಕೂ ಬಂದಿದೆ. ೨೫ ಕಿಲೋಮೀಟರಿನ ವೇಗದಲ್ಲಿ ದಾಟಿದರೆ ಅದು ಮೈಯನ್ನು ಕುಲುಕುವುದಿಲ್ಲ. ಆದರೆ ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಮೂಡುವ, ಬಣ್ಣವೂ ಇಲ್ಲದ, ಗುರುತೂ ಇಲ್ಲದ ಗಿಡ್ಡ ದಿಬ್ಬಗಳನ್ನು ನೋಡಿದವರಿಗೆ ಇಂಥದೊಂದು ಶಾಸ್ತ್ರವಿದೆಯೆಂದು ನಂಬುವುದೇ ಕಷ್ಟ. ಅವು ದ್ವಿಚಕ್ರ ಸವಾರರನ್ನು ಕೆಡವುತ್ತವೆಯೇ ಹೊರತು ಪಾದಚಾರಿಯನ್ನು ಕಾಯುವುದಿಲ್ಲ.

ಸಿಗ್ನಲ್ಲಿನ ಹಸಿರು ದೀಪವು ಎಷ್ಟು ಹೊತ್ತು ಉರಿಯಬೇಕೆಂಬುದೂ ಗಣಿತದ ಪ್ರಶ್ನೆಯೇ. ಸೆಕೆಂಡಿಗೆ ೧.೨ ಮೀಟರು ನಡೆಯುವರೆಂಬ ಹಳೆಯ ಎಣಿಕೆಯಂತೆ ಆರು ಸಾಲಿನ ೨೧ ಮೀಟರು ರಸ್ತೆಗೆ ಹದಿನೇಳೂವರೆ ಸೆಕೆಂಡು ಸಾಕು. ಅಮೆರಿಕದವರು ೨೦೦೯ರಲ್ಲಿ ಈ ಎಣಿಕೆಯನ್ನು ೧.೦೭ಕ್ಕೆ ಇಳಿಸಿದರು. ಅನೇಕ ವೃದ್ಧರು ಸೆಕೆಂಡಿಗೆ ೦.೮ ಮೀಟರು ನಡೆದರೆ ಹೆಚ್ಚು. ಅವರಿಗೆ ೨೬ ಸೆಕೆಂಡು ಬೇಕು. ಹದಿನೆಂಟು ಸೆಕೆಂಡಿಗೆ ದೀಪವು ಕೆಂಪಾದರೆ ಅಜ್ಜನು ಆರೂವರೆ ಮೀಟರು ಉಳಿದಿರುವಾಗಲೇ ವಾಹನಗಳ ಎದುರು ನಿಂತಿರುತ್ತಾನೆ. ರಸ್ತೆಯ ನಡುವೆ ನಿಲ್ಲಲು ಒಂದೆರಡು ಮೀಟರಿನ ತಂಗುಜಗಲಿಯನ್ನು ಕಟ್ಟಿದರೆ ಸಾಕು, ಅವನು ಒಂದೇ ದಿಕ್ಕಿನ ವಾಹನಗಳನ್ನು ನೋಡಿಕೊಂಡು ಎರಡು ಕಂತಿನಲ್ಲಿ ದಾಟಬಲ್ಲನು. ಇದಕ್ಕೆ ವಿದೇಶದ ತಂತ್ರಜ್ಞಾನವಾಗಲಿ ಕೋಟಿಗಟ್ಟಲೆ ಹಣವಾಗಲಿ ಬೇಕಾಗಿಲ್ಲ. ಕಲ್ಲು, ಗಾರೆ ಸಾಕು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ‘ಟೆಂಡರ್ ಶ್ಯೂರ್’ ಯೋಜನೆಯಲ್ಲಿ ಹೊಸದಾಗಿ ಕಟ್ಟಿದಾಗ ಅಗಲವಾದ ಫುಟ್‌ಪಾತುಗಳನ್ನು ನಮ್ಮ ಎಂಜಿನಿಯರರೇ ಕಟ್ಟಿ ತೋರಿಸಿದರು. ಕೈಯಲ್ಲಾಗದ ಕೆಲಸವಲ್ಲವೆಂಬುದು ಅಷ್ಟರಿಂದಲೇ ಗೊತ್ತಾಯಿತು.

ಹೀಗೆಲ್ಲ ಮಾಡಿದರೆ ವಾಹನಗಳು ನಿಧಾನವಾಗಿ, ವ್ಯಾಪಾರ ವ್ಯವಹಾರಗಳು ಕೆಡುವುವೆಂಬ ಆಕ್ಷೇಪಣೆಯುಂಟು. ಇದನ್ನೂ ಲೆಕ್ಕ ಹಾಕೋಣ. ಎಲ್ಲಿಯೂ ನಿಲ್ಲದೆ ೩ ಕಿಲೋಮೀಟರು ಹೋಗಲು ೩೦ರ ವೇಗದಲ್ಲಿ ೬ ನಿಮಿಷ ಬೇಕು, ೫೦ರ ವೇಗದಲ್ಲಿ ೩ ನಿಮಿಷ ೩೬ ಸೆಕೆಂಡು. ವ್ಯತ್ಯಾಸ ಎರಡೂವರೆ ನಿಮಿಷಕ್ಕೂ ಕಡಿಮೆ. ಅದೂ ಒಂದೇ ಒಂದು ಸಿಗ್ನಲ್ಲೂ ಇಲ್ಲದ ಊರಿನಲ್ಲಿ. ಬೆಂಗಳೂರಿನ ಹಗಲಿನ ರಸ್ತೆಯಲ್ಲಿ ಒಂದು ಸಿಗ್ನಲ್ಲಿನಿಂದ ಹಾರಿ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲುವ ಕಾರಿಗೆ ಈ ಲಾಭವೂ ದಕ್ಕುವುದಿಲ್ಲ. ಆದರೂ ವೇಗದ ಮೋಹವು ದೊಡ್ಡದು. ೨೦೨೩ರ ಸೆಪ್ಟೆಂಬರಿನಲ್ಲಿ ವೇಲ್ಸ್ ದೇಶದ ಸರ್ಕಾರವು ಊರೊಳಗಿನ ರಸ್ತೆಗಳ ವೇಗವನ್ನು ಗಂಟೆಗೆ ೨೦ ಮೈಲಿಗೆ ಇಳಿಸಿದಾಗ ಅದನ್ನು ವಿರೋಧಿಸಿ ನಾಲ್ಕು ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. ಕೆಲವು ರಸ್ತೆಗಳನ್ನು ಮತ್ತೆ ೩೦ ಮೈಲಿಗೆ ಏರಿಸಲು ಸರ್ಕಾರವು ಒಪ್ಪಬೇಕಾಯಿತು. ಆದರೆ ನಿಯಮವನ್ನು ಬಿಡಲಿಲ್ಲ, ಗಾಯಗೊಂಡವರ ಸಂಖ್ಯೆಯೂ ಇಳಿಯಿತು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಅರ್ಧಕ್ಕೂ ಹೆಚ್ಚು ಬೀದಿಗಳ ಮಿತಿಯು ೩೦ ಕಿಲೋಮೀಟರು. ೨೦೨೪ರ ಜುಲೈನಿಂದ ೨೦೨೫ರ ಜುಲೈವರೆಗೆ ಹನ್ನೆರಡು ತಿಂಗಳ ಕಾಲ ಆ ನಗರದ ರಸ್ತೆಗಳಲ್ಲಿ ಒಬ್ಬರೂ ಸಾಯಲಿಲ್ಲ. ಪಾದಚಾರಿಯೂ ಇಲ್ಲ, ಸವಾರನೂ ಇಲ್ಲ.

ನಮ್ಮಲ್ಲಿ ಕೆಲಸವು ನ್ಯಾಯಾಲಯದಿಂದ ಆರಂಭವಾಗಬೇಕಾಗಿ ಬಂದಿದೆ. ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯರಾದ ಎಸ್. ರಾಜಶೇಕರನ್ ಅವರು ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮುರಿದ ಮೂಳೆಗಳನ್ನು ಜೋಡಿಸುವವರೇ ಅವು ಮುರಿಯದಂತೆ ಮಾಡಿರೆಂದು ಕೇಳಿದುದು ಗಮನಿಸತಕ್ಕದ್ದು. ಆ ಮೊಕದ್ದಮೆಯಲ್ಲಿಯೇ ೨೦೨೫ರ ಮೇ ತಿಂಗಳಿನಲ್ಲಿ, ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ ೨೧ನೆಯ ಅನುಚ್ಛೇದವು ಕೊಟ್ಟ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯವು ಹೇಳಿತು. ಅದೇ ಅಕ್ಟೋಬರಿನಲ್ಲಿ, ಪಾದಚಾರಿಗಳ ಸಂಚಾರದ ಬಗೆಗೂ ರಸ್ತೆಗಳ ವಿನ್ಯಾಸದ ಬಗೆಗೂ ಮೋಟಾರು ವಾಹನ ಶಾಸನದಡಿಯಲ್ಲಿ ಆರು ತಿಂಗಳೊಳಗೆ ನಿಯಮಗಳನ್ನು ರಚಿಸಬೇಕೆಂದು ರಾಜ್ಯಗಳಿಗೆ ಆಜ್ಞೆ ಮಾಡಿತು. ೨೦೧೯ರ ತಿದ್ದುಪಡಿಯಿಂದ ಆ ಶಾಸನಕ್ಕೆ ೧೯೮ಎ ಎಂಬ ಪ್ರಕರಣವು ಸೇರಿದೆ. ಸುರಕ್ಷತೆಯ ಮಾನಕವನ್ನು ಪಾಲಿಸದೆ ರಸ್ತೆಯನ್ನು ರೂಪಿಸಿದ, ಕಟ್ಟಿದ ಅಥವಾ ನೋಡಿಕೊಳ್ಳದೆ ಬಿಟ್ಟ ಅಧಿಕಾರಿಗೂ ಕಂಟ್ರಾಕ್ಟರಿಗೂ ಸಾವುನೋವಾದಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಒಂದು ಪ್ರಾಣಕ್ಕೆ ಲಕ್ಷ ರೂಪಾಯಿಯು ಅತ್ಯಲ್ಪವೆಂಬುದು ಬೇರೆ ಮಾತು. ಆದರೆ ಹೊಣೆಯು ನಡೆಯುವವನದು ಮಾತ್ರವಲ್ಲ, ರಸ್ತೆ ಕಟ್ಟಿದವನದೂ ಹೌದೆಂದು ಶಾಸನವೇ ಒಪ್ಪಿದಂತಾಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆಯು ಹೋಗಿ ಐದು ನಗರಪಾಲಿಕೆಗಳಾಗಿವೆ. ದಾಟುದಾರಿಯ ಬಣ್ಣ ಬಳಿಯತಕ್ಕವರು ಯಾರು, ದೀಪದ ಕಾಲ ನಿಗದಿ ಮಾಡತಕ್ಕವರು ಯಾರೆಂಬ ಪ್ರಶ್ನೆಗೆ ‘ನಾವಲ್ಲ, ಅವರು’ ಎಂಬ ಉತ್ತರವು ಒಂದರ ಬದಲು ಐದು ಬಾಗಿಲುಗಳಿಂದ ಬಾರದಂತೆ ರಾಜ್ಯ ಸರ್ಕಾರವು ನೋಡಿಕೊಳ್ಳಬೇಕು.

ನಮ್ಮ ವಿದ್ಯಾರ್ಥಿ ವಾಚಕರು ಒಂದು ಕೆಲಸ ಮಾಡಬಹುದು. ಇಬ್ಬರು ಮೂವರು ಕೂಡಿ, ಶಾಲೆಯ ಸಮೀಪದ ದಾಟುದಾರಿಯ ಫುಟ್‌ಪಾತಿನ ಮೇಲೆಯೇ ನಿಂತು ಗಡಿಯಾರ ಹಿಡಿದು ನೋಡಿರಿ. ನಡೆಯುವವರ ಹಸಿರು ದೀಪವು ಎಷ್ಟು ಸೆಕೆಂಡು ಉರಿಯುತ್ತದೆ? ವಯಸ್ಸಾದವರು ದಾಟಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾರೆ? ದೀಪವಿಲ್ಲದ ಕಡೆಯಾದರೆ, ಎರಡು ಕಂಬಗಳ ನಡುವಣ ದೂರವನ್ನು ಹೆಜ್ಜೆಯಿಂದ ಅಳೆದುಕೊಂಡು, ಕಾರುಗಳು ಅದನ್ನು ಎಷ್ಟು ಸೆಕೆಂಡಿನಲ್ಲಿ ಕಳೆಯುತ್ತವೆಂದು ಎಣಿಸಿರಿ. ೫೦ ಮೀಟರನ್ನು ೬ ಸೆಕೆಂಡಿನಲ್ಲಿ ಕಳೆದರೆ ವೇಗವು ೩೦, ೩.೬ ಸೆಕೆಂಡಿನಲ್ಲಿ ಕಳೆದರೆ ೫೦. ಬೆಳಿ‌ಗ್ಗೆ ಶಾಲೆ ಸೇರುವ ಹೊತ್ತು, ಸಂಜೆ ಶಾಲೆ ಬಿಡುವ ಹೊತ್ತು, ಹೀಗೆ ನೂರು ವಾಹನಗಳ ವೇಗವನ್ನು ಗುರುತು ಹಾಕಿ, ಎಷ್ಟು ವಾಹನಗಳು ದಾಟುವವರಿಗಾಗಿ ನಿಂತವೆಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಆ ಪಟ್ಟಿಯ ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯರ ರುಜುವಿನೊಡನೆ ನಿಮ್ಮ ನಗರಪಾಲಿಕೆಯ ಕಮಿಷನರಿಗೂ ಇನ್ನೊಂದನ್ನು ಸಂಚಾರ ಪೋಲೀಸರಿಗೂ ಕಳುಹಿಸಿರಿ, ತಲುಪಿದುದಕ್ಕೆ ರಶೀದಿಯನ್ನು ಮರೆಯದೆ ಪಡೆಯಿರಿ.